ಗಿಡದಿಂದ ಬಂದ ಪ್ಲಾಸ್ಟಿಕ್: ಭರವಸೆ ಎಷ್ಟು, ಅಪಾಯ ಎಷ್ಟು?

ತರಕಾರಿ ಅಂಗಡಿ, ಬೇಕರಿ, ಔಷಧದಂಗಡಿಗಳಲ್ಲಿ ಈಚಿನ ವರ್ಷಗಳಲ್ಲಿ ಹೊಸ ಬಗೆಯ ಕೈಚೀಲವೊಂದು ಬಳಕೆಗೆ ಬಂದಿದೆ. ಬಣ್ಣ ಮಾಸಲು ಬಿಳಿ ಇಲ್ಲವೇ ತಿಳಿಹಸಿರು. ಬೆರಳಲ್ಲಿ ತಿಕ್ಕಿದರೆ ಮಾಮೂಲಿ ಚೀಲದ ಸರಸರ ಸದ್ದಿಲ್ಲ. ಮೆತ್ತಗಿದೆ, ಎಳೆದರೆ ಹಿಗ್ಗುತ್ತದೆ. ಮೇಲೆ ಎಲೆಯ ಚಿತ್ರ, ಪಕ್ಕದಲ್ಲಿ ‘ಐ ಆ್ಯಮ್ ನಾಟ್ ಪ್ಲಾಸ್ಟಿಕ್’ ಎಂಬ ದಪ್ಪಕ್ಷರದ ಸಾಲು, ಕೆಳಗೆ ಸಣ್ಣದಾಗಿ ‘ಕಾಂಪೋಸ್ಟಬಲ್’ ಎಂಬ ಮುದ್ರೆ. ಮೆಕ್ಕೆಜೋಳ, ಆಲೂಗಡ್ಡೆ, ಮರಗೆಣಸಿನ ಪಿಷ್ಟದಿಂದ ಮಾಡಿದ್ದು, ಮಣ್ಣಿಗೆ ಬಿದ್ದರೆ ಕರಗಿಹೋಗುತ್ತದೆ ಎಂಬ ನಂಬಿಕೆಯಲ್ಲಿ ಜನ ಅದನ್ನು ನೆಮ್ಮದಿಯಿಂದ ಮನೆಗೆ ಒಯ್ಯುತ್ತಾರೆ.

ಆ ದಪ್ಪಕ್ಷರದ ಸಾಲು ನಿಜವಲ್ಲ. ಅದು ಪ್ಲಾಸ್ಟಿಕ್ಕೇ. ಸಣ್ಣ ಅಣುಗಳನ್ನು ಉದ್ದುದ್ದ ಸರಪಳಿಯಾಗಿ ಪೋಣಿಸಿ, ಕಾಯಿಸಿ, ಬೇಕಾದ ಆಕಾರಕ್ಕೆ ತಂದ ವಸ್ತು. ಸರಪಳಿಯ ಕೊಂಡಿಗಳು ಹೊಲದಿಂದ ಬಂದಿರಬಹುದು, ತೈಲಬಾವಿಯಿಂದ ಬಂದಿರಬಹುದು, ಎರಡೂ ಬೆರೆತಿರಬಹುದು. ಹುಟ್ಟು ಯಾವುದೇ ಆಗಲಿ, ಬಳಸಿ ಬಿಸಾಡಿದ ಮೇಲೆ ಅದರ ಗತಿ ಏನು ಎಂಬುದು ಬೇರೆಯದೇ ಪ್ರಶ್ನೆ. ಸಸ್ಯಮೂಲ ಪ್ಲಾಸ್ಟಿಕ್ಕಿನ ಬಗ್ಗೆ ನಡೆದಿರುವ ಗೊಂದಲದ ಬಹುಪಾಲು ಈ ಎರಡು ಪ್ರಶ್ನೆಗಳನ್ನು ಒಂದೇ ಎಂದು ತಿಳಿದದ್ದರಿಂದ ಹುಟ್ಟಿದೆ.

ಹುಟ್ಟು ಬೇರೆ, ಕೊನೆ ಬೇರೆ

ಬ್ರೆಜಿಲ್‌ನ ಬ್ರಾಸ್ಕೆಮ್ ಕಂಪನಿ 2010ರಿಂದ ಕಬ್ಬಿನ ಎಥೆನಾಲಿನಿಂದ ಪಾಲಿಥೀನ್ ತಯಾರಿಸುತ್ತಿದೆ. ಅದರ ಕಚ್ಚಾವಸ್ತು ಪೂರ್ತಿ ಕಬ್ಬು. ಆದರೆ ರಾಸಾಯನಿಕವಾಗಿ ಅದಕ್ಕೂ ಪೆಟ್ರೋಲಿಯಂ ಪಾಲಿಥೀನಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಚರಂಡಿಗೆ ಬಿದ್ದರೆ ಅದೂ ಕೊಳೆಯುವುದಿಲ್ಲ. ಹಸು ನುಂಗಿದರೆ ಅದೂ ಹೊಟ್ಟೆಯಲ್ಲಿ ಗಂಟಾಗುತ್ತದೆ. ಕೋಕಾ-ಕೋಲಾ 2009ರಲ್ಲಿ ತಂದ ‘ಪ್ಲಾಂಟ್‌ಬಾಟಲ್’ ಕೂಡ ಇದೇ ಜಾತಿಯದು. ಅದರಲ್ಲಿ ಸಸ್ಯಮೂಲದ ಪಾಲು ಹೆಚ್ಚೆಂದರೆ ಶೇ. 30, ಆ ಪಾಲಿಗೆ ಬೇಕಾದ ಗ್ಲೈಕಾಲನ್ನು ಉತ್ತರಾಖಂಡದ ಕಾಶೀಪುರದ ಇಂಡಿಯಾ ಗ್ಲೈಕಾಲ್ಸ್ ಕಾರ್ಖಾನೆ ಸಕ್ಕರೆಯ ಕಾಕಂಬಿಯಿಂದ ತಯಾರಿಸುತ್ತಿತ್ತು. ಬಾಟಲಿ ಮಾತ್ರ ಎಂದಿನ ಪೆಟ್ ಬಾಟಲಿಯೇ. ಮರುಬಳಕೆಗೆ ಕೊಟ್ಟರೆ ಹಳೆಯ ಬಾಟಲಿಗಳ ಜೊತೆ ಕರಗುತ್ತದೆ, ಕೆರೆಗೆ ಎಸೆದರೆ ಹಳೆಯ ಬಾಟಲಿಗಳ ಜೊತೆ ತೇಲುತ್ತದೆ.

ಇದಕ್ಕೆ ತದ್ವಿರುದ್ಧದ ವಸ್ತುವೂ ಇದೆ. ಪಿಬಿಎಟಿ ಎಂಬ ಪಾಲಿಯೆಸ್ಟರ್ ಬಹುತೇಕ ಪೆಟ್ರೋಲಿಯಂ ಮೂಲದ್ದು, ಆದರೆ ಸೂಕ್ಷ್ಮಜೀವಿಗಳಿಗೆ ಜೀರ್ಣವಾಗುತ್ತದೆ. ಅಂಗಡಿಯ ಮೆತ್ತನೆಯ ಕಾಂಪೋಸ್ಟಬಲ್ ಚೀಲಗಳಲ್ಲಿ ಹೆಚ್ಚಾಗಿ ಇರುವುದು ಪಿಷ್ಟ ಅಥವಾ ಪಿಎಲ್‌ಎ (ಮುಂದೆ ವಿವರಿಸುವ ಸಸ್ಯಮೂಲ ಪ್ಲಾಸ್ಟಿಕ್) ಜೊತೆ ಬೆರೆಸಿದ ಈ ಪಿಬಿಎಟಿಯೇ. ಹಾಗಾಗಿ ಗಿಡದಿಂದ ಬಂದದ್ದೆಲ್ಲ ಕೊಳೆಯುವುದಿಲ್ಲ, ಕೊಳೆಯುವುದೆಲ್ಲ ಗಿಡದಿಂದ ಬಂದಿಲ್ಲ. ಈ ಒಂದು ಮಾತು ಮನಸ್ಸಿನಲ್ಲಿ ನಿಂತರೆ ಮಾರುಕಟ್ಟೆಯ ಅರ್ಧ ಜಾಹೀರಾತುಗಳ ಬಣ್ಣ ತಾನಾಗಿ ಕಳಚುತ್ತದೆ.

ಹಳೆಯ ಕನಸು

ಜೀವಮೂಲದ ಪ್ಲಾಸ್ಟಿಕ್ ಹೊಸ ಆವಿಷ್ಕಾರವೇನಲ್ಲ. ಚನ್ನಪಟ್ಟಣದ ಕುಶಲಕರ್ಮಿಗಳು ಆಲೆಮರದ ಗೊಂಬೆಗೆ ಹಚ್ಚುವ ಅರಗು ಮರದ ಮೇಲೆ ಬದುಕುವ ಕೀಟ ಸ್ರವಿಸುವ ರಾಳ. ಕಾಯಿಸಿದರೆ ಮೆತ್ತಗಾಗಿ, ತಣಿದರೆ ಗಟ್ಟಿಯಾಗುವ ನೈಸರ್ಗಿಕ ಪ್ಲಾಸ್ಟಿಕ್. ಹಳೆಯ ಗ್ರಾಮಫೋನ್ ತಟ್ಟೆಗಳು ತಯಾರಾಗುತ್ತಿದ್ದದ್ದೂ ಅರಗಿನಿಂದಲೇ. 1862ರಲ್ಲಿ ಅಲೆಕ್ಸಾಂಡರ್ ಪಾರ್ಕ್ಸ್ ಲಂಡನ್ನಿನ ಪ್ರದರ್ಶನದಲ್ಲಿಟ್ಟ ಪಾರ್ಕೆಸೀನ್, ಬಳಿಕ ಜಾನ್ ಹಯಾಟ್ ರೂಪಿಸಿದ ಸೆಲ್ಯುಲಾಯ್ಡ್, ಎರಡೂ ಸಸ್ಯದ ನಾರಿನಿಂದ ಹುಟ್ಟಿದವು. ಹಾಲಿನ ಕೇಸೀನ್‌ನಿಂದ ಗುಂಡಿಗಳನ್ನು ಮಾಡಿದ ಕಾಲವೂ ಇತ್ತು. 1941ರಲ್ಲಿ ಹೆನ್ರಿ ಫೋರ್ಡ್ ಸೋಯಾ ಬಳಸಿ ಮಾಡಿದ ಪ್ಲಾಸ್ಟಿಕ್ ಹೊದಿಕೆಯ ಕಾರನ್ನು ಜನರ ಮುಂದಿಟ್ಟರು. ಎರಡನೆಯ ಮಹಾಯುದ್ಧದ ನಂತರ ಪೆಟ್ರೋಲಿಯಂ ಅಗ್ಗವಾಗಿ ಹರಿಯತೊಡಗಿದಾಗ ಈ ಹಾದಿಯೆಲ್ಲ ಮುಚ್ಚಿಹೋಯಿತು.

ಆ ಅಗ್ಗದ ಬೆಲೆ ಎಷ್ಟೆಂದು ಈಗ ಗೊತ್ತಾಗುತ್ತಿದೆ. ಜಗತ್ತು ವರ್ಷಕ್ಕೆ 40 ಕೋಟಿ ಟನ್ನಿಗೂ ಹೆಚ್ಚು ಪ್ಲಾಸ್ಟಿಕ್ ತಯಾರಿಸುತ್ತದೆ. ಶ್ರೀಮಂತ ದೇಶಗಳ ಆರ್ಥಿಕ ಕೂಟವಾದ ಒಇಸಿಡಿಯ ಲೆಕ್ಕದಂತೆ ಪ್ಲಾಸ್ಟಿಕ್ ಕಸದಲ್ಲಿ ಮರುಬಳಕೆಯಾಗುವುದು ಶೇ. 9ರಷ್ಟು ಮಾತ್ರ, 2019ರಲ್ಲಿ ಜಗತ್ತಿನ ಹಸಿರುಮನೆ ಅನಿಲಗಳಲ್ಲಿ ಶೇ. 3.4ರಷ್ಟು ಪ್ಲಾಸ್ಟಿಕ್ಕಿನ ಲೆಕ್ಕಕ್ಕೆ ಸೇರಿತ್ತು. ಇಂಥ ಸನ್ನಿವೇಶದಲ್ಲಿ ಹೊಲದಲ್ಲೇ ಪ್ಲಾಸ್ಟಿಕ್ ಬೆಳೆಯಬಹುದೆಂಬ ಮಾತು ಆಕರ್ಷಕವಾಗಿ ಕೇಳಿಸಿದ್ದು ಸಹಜ. ಅದರಲ್ಲಿ ಸತ್ವವೂ ಇದೆ.

ಹಿಟ್ಟಿನಿಂದ ಲೋಟದವರೆಗೆ

ಸಸ್ಯಮೂಲ ಪ್ಲಾಸ್ಟಿಕ್ಕುಗಳಲ್ಲಿ ಹೆಚ್ಚು ಹೆಸರಾದದ್ದು ಪಾಲಿಲ್ಯಾಕ್ಟಿಕ್ ಆಮ್ಲ, ಅಂದರೆ ಪಿಎಲ್‌ಎ. ಮೊದಲು ಮೆಕ್ಕೆಜೋಳವನ್ನು ನೆನೆಸಿ ಅರೆದು ಪಿಷ್ಟ ಬೇರ್ಪಡಿಸುತ್ತಾರೆ. ಕಿಣ್ವ ಸೇರಿಸಿದಾಗ ಪಿಷ್ಟ ಗ್ಲೂಕೋಸ್ ಆಗುತ್ತದೆ. ದೊಡ್ಡ ತೊಟ್ಟಿಗಳಲ್ಲಿ ಬ್ಯಾಕ್ಟೀರಿಯಾಗಳು ಆ ಗ್ಲೂಕೋಸನ್ನು ಹುದುಗಿಸಿ ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ಮೊಸರಿಗೆ ಹುಳಿ ಕೊಡುವುದೂ ಇದೇ ಆಮ್ಲ. ಅದನ್ನು ಶುದ್ಧೀಕರಿಸಿ, ನೀರು ತೆಗೆದು, ಎರಡೆರಡು ಅಣುಗಳನ್ನು ಜೋಡಿಸಿ, ಆ ಜೋಡಿಗಳನ್ನು ಸಾವಿರಾರು ಕೊಂಡಿಗಳ ಸರಪಳಿಯಾಗಿ ಬೆಸೆದರೆ ಹೊಳಪಿನ ಪಾರದರ್ಶಕ ಹರಳು ಸಿಗುತ್ತದೆ. ತಣ್ಣನೆಯ ಪಾನೀಯದ ಲೋಟ, ತಟ್ಟೆ, ತ್ರೀಡಿ ಮುದ್ರಣದ ದಾರ ಎಲ್ಲವೂ ಆ ಹರಳಿನಿಂದ ಬರುತ್ತವೆ.

1930ರ ದಶಕದಲ್ಲೇ ಡುಪಾಂಟ್‌ನ ವಾಲೇಸ್ ಕರೋಥರ್ಸ್ ಪಿಎಲ್‌ಎ ಮೇಲೆ ಕೆಲಸ ಮಾಡಿದ್ದರು. ದೊಡ್ಡ ಪ್ರಮಾಣದ ಉತ್ಪಾದನೆ ಶುರುವಾದದ್ದು 2002ರಲ್ಲಿ, ಅಮೆರಿಕದ ನೆಬ್ರಾಸ್ಕಾದ ಬ್ಲೇರ್ ಪಟ್ಟಣದ ನೇಚರ್‌ವರ್ಕ್ಸ್ ಕಾರ್ಖಾನೆಯಲ್ಲಿ. ಅದರ ಈಗಿನ ಸಾಮರ್ಥ್ಯ ವರ್ಷಕ್ಕೆ 1.5 ಲಕ್ಷ ಟನ್. ಥಾಯ್ಲೆಂಡಿನಲ್ಲಿ ಕಬ್ಬಿನಿಂದ ಪಿಎಲ್‌ಎ ತಯಾರಾಗುತ್ತಿದೆ. ಭಾರತದಲ್ಲಿ ಬಲರಾಂಪುರ ಚೀನಿ ಮಿಲ್ಸ್ ಉತ್ತರ ಪ್ರದೇಶದ ಕುಂಭಿಯಲ್ಲಿ ವರ್ಷಕ್ಕೆ 80 ಸಾವಿರ ಟನ್ ಸಾಮರ್ಥ್ಯದ ಘಟಕ ಕಟ್ಟುವ ಯೋಜನೆಯನ್ನು ಕೈಗೆತ್ತಿಕೊಂಡಿದೆ. ಸಕ್ಕರೆ ಕಾರ್ಖಾನೆಗಳು ಸಾಲುಗಟ್ಟಿ ನಿಂತಿರುವ ಬೆಳಗಾವಿ, ಬಾಗಲಕೋಟೆ, ಮಂಡ್ಯ ಜಿಲ್ಲೆಗಳಿಗೂ ಇಂಥ ಪ್ರಸ್ತಾವಗಳು ಬರುವ ದಿನ ದೂರವಿಲ್ಲ. ಆದ್ದರಿಂದ ಇದು ನಮ್ಮ ರೈತರು ತಿಳಿದಿರಬೇಕಾದ ವಿಷಯ.

ಸಸ್ಯಮೂಲ ಪ್ಲಾಸ್ಟಿಕ್ಕಿನ ನಿಜವಾದ ಗುಣ ಇಂಗಾಲದ ಲೆಕ್ಕದಲ್ಲಿದೆ. ಪೆಟ್ರೋಲಿಯಂನ ಇಂಗಾಲ ಕೋಟ್ಯಂತರ ವರ್ಷ ನೆಲದೊಳಗೆ ಹುದುಗಿದ್ದದ್ದು. ಅದು ಮೇಲೆ ಬಂದು ಉರಿದರೆ ವಾತಾವರಣಕ್ಕೆ ಹೊಸ ಹೊರೆ. ಗಿಡದ ಇಂಗಾಲ ಕೆಲವೇ ತಿಂಗಳ ಹಿಂದೆ ಗಾಳಿಯಿಂದ ಹೀರಿದ್ದು. ಗಾಳಿಗೆ ಮರಳಿದರೂ ಸಾಲ ತೀರಿದಂತೆ. ತಯಾರಿಕೆಯ ಹಂತದವರೆಗೆ ಲೆಕ್ಕ ಹಾಕಿದರೆ ಪಿಎಲ್‌ಎಯ ಇಂಗಾಲದ ಹೆಜ್ಜೆಗುರುತು ಪೆಟ್ ಮತ್ತು ಪಾಲಿಸ್ಟೈರೀನಿಗಿಂತ ಸಾಕಷ್ಟು ಕಡಿಮೆ ಎಂದು ಹಲವು ಜೀವನಚಕ್ರ ಅಧ್ಯಯನಗಳು ಹೇಳಿವೆ. ಈ ಲಾಭವನ್ನು ಅಲ್ಲಗಳೆಯಬೇಕಿಲ್ಲ.

ಆದರೆ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಮೆಕ್ಕೆಜೋಳಕ್ಕೆ ಯೂರಿಯಾ ಸುರಿಯಬೇಕು. ಮಣ್ಣಿಗೆ ಬಿದ್ದ ಸಾರಜನಕದ ಒಂದಂಶ ನೈಟ್ರಸ್ ಆಕ್ಸೈಡ್ ಆಗಿ ಮೇಲೇಳುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಹೆಚ್ಚು ಶಾಖ ಹಿಡಿಯುವ ಅನಿಲ. ಟ್ರ್ಯಾಕ್ಟರಿಗೆ ಡೀಸೆಲ್ ಬೇಕು, ಕಾರ್ಖಾನೆಗೆ ಉಗಿ ಮತ್ತು ವಿದ್ಯುತ್ ಬೇಕು. ವಿದ್ಯುತ್ ಕಲ್ಲಿದ್ದಲಿನಿಂದ ಬಂದರೆ ಲಾಭ ಕರಗುತ್ತದೆ. ಕಬ್ಬಿನ ಸಿಪ್ಪೆಯನ್ನೇ ಉರಿಸಿ ಪಡೆದರೆ ಉಳಿಯುತ್ತದೆ. ಹೊಲ ಮಾಡಲು ಕಾಡು ಕಡಿದರೆ ಮಣ್ಣು ಮತ್ತು ಮರಗಳಿಂದ ಹೊರಬಿದ್ದ ಇಂಗಾಲ ಎಷ್ಟೋ ವರ್ಷಗಳ ಲಾಭವನ್ನು ನುಂಗಿಹಾಕುತ್ತದೆ. ಒಂದೇ ಪ್ಲಾಸ್ಟಿಕ್ ಒಂದು ಊರಲ್ಲಿ ಉಪಕಾರಿ, ಇನ್ನೊಂದು ಊರಲ್ಲಿ ಹೊರೆ ಆಗುವುದು ಹೀಗೆ.

ನೆಲ, ನೀರು, ಸಕ್ಕರೆ

ಉದ್ಯಮದ ಒಕ್ಕೂಟವಾದ ಯುರೋಪಿಯನ್ ಬಯೋಪ್ಲಾಸ್ಟಿಕ್ಸ್ ಪ್ರಕಾರ 2024ರಲ್ಲಿ ಜಗತ್ತಿನ ಬಯೋಪ್ಲಾಸ್ಟಿಕ್ (ಸಸ್ಯಮೂಲದ ಅಥವಾ ಕೊಳೆಯುವ ಪ್ಲಾಸ್ಟಿಕ್) ಉತ್ಪಾದನಾ ಸಾಮರ್ಥ್ಯ ಸುಮಾರು 25 ಲಕ್ಷ ಟನ್. ಒಟ್ಟು ಪ್ಲಾಸ್ಟಿಕ್ಕಿನ ಎದುರು ಇದು ಶೇ. ಒಂದರ ಅರ್ಧದಷ್ಟು. ಇಷ್ಟಕ್ಕೆ ಬೇಕಾದ ಕೃಷಿಭೂಮಿಯೂ ಅತ್ಯಲ್ಪ. ಹಾಗಾಗಿ ಈಗಿನ ಬಯೋಪ್ಲಾಸ್ಟಿಕ್ ಜನರ ಅನ್ನ ಕಸಿಯುತ್ತಿದೆ ಎಂಬ ಆರೋಪ ಸರಿಯಲ್ಲ. ಪ್ರಶ್ನೆ ಏಳುವುದು ಇದನ್ನೇ ಎಲ್ಲ ಪ್ಲಾಸ್ಟಿಕ್ಕಿಗೂ ಬದಲಿ ಎಂದು ಬಿಂಬಿಸಿದಾಗ.

ರಸಾಯನಶಾಸ್ತ್ರದ ಸರಳ ಲೆಕ್ಕ ನೋಡಿ. ಒಂದು ಕಿಲೋ ಪಿಎಲ್‌ಎ ತಯಾರಿಸಲು ಎಳ್ಳಷ್ಟೂ ನಷ್ಟವಾಗದಿದ್ದರೂ ಒಂದೂಕಾಲು ಕಿಲೋ ಗ್ಲೂಕೋಸ್ ಬೇಕು. ವರ್ಷದ 40 ಕೋಟಿ ಟನ್ ಪ್ಲಾಸ್ಟಿಕ್ಕನ್ನು ಇದರಿಂದಲೇ ಮಾಡುವುದಾದರೆ 50 ಕೋಟಿ ಟನ್ ಸಕ್ಕರೆಯಂಶ ಬೇಕಾಗುತ್ತದೆ. ಜಗತ್ತಿನ ಎಲ್ಲ ಕಬ್ಬು, ಬೀಟ್‌ಗಳಿಂದ ಒಂದು ವರ್ಷದಲ್ಲಿ ತಯಾರಾಗುವ ಸಕ್ಕರೆ ಸುಮಾರು 18 ಕೋಟಿ ಟನ್. ಈಗಿರುವಷ್ಟು ಪ್ಲಾಸ್ಟಿಕ್ಕನ್ನು ಈಗಿನಂತೆಯೇ ಬಳಸಿ ಬಿಸಾಡುತ್ತ, ಕಚ್ಚಾವಸ್ತುವನ್ನು ಮಾತ್ರ ಬದಲಿಸುವುದು ಭೂಮಿಯ ಅಳವಿನಲ್ಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕರ್ನಾಟಕಕ್ಕೆ ಈ ಲೆಕ್ಕ ಇನ್ನೂ ಹತ್ತಿರದ್ದು. ಕಬ್ಬು ನೀರು ಕುಡಿಯುವ ಬೆಳೆ. 2023ರ ಬರದಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಘೋಷಣೆಯಾದವು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸಕ್ಕರೆ ಸಾಲದೆಂಬ ಆತಂಕದಿಂದ ಕೇಂದ್ರ ಸರ್ಕಾರ ಕಬ್ಬಿನ ಹಾಲನ್ನು ಎಥೆನಾಲಿಗೆ ಬಳಸುವುದಕ್ಕೆ ಕಡಿವಾಣ ಹಾಕಿತು. ಈಗಾಗಲೇ ಊಟ, ಪಶು–ಕೋಳಿ ಆಹಾರ ಮತ್ತು ವಾಹನದ ಟ್ಯಾಂಕು ಮೂರೂ ಅದೇ ಕಬ್ಬು, ಅದೇ ಮೆಕ್ಕೆಜೋಳಕ್ಕೆ ಕೈಚಾಚಿವೆ. ದಾವಣಗೆರೆ, ಹಾವೇರಿಯ ಮೆಕ್ಕೆಜೋಳಕ್ಕೆ ನಾಲ್ಕನೆಯ ಗಿರಾಕಿಯಾಗಿ ಪ್ಲಾಸ್ಟಿಕ್ ಬಂದರೆ ರೈತನಿಗೆ ಬೆಲೆ ಸಿಗಬಹುದು. ಆ ಬೆಳೆಗೆ ಬೇಕಾದ ನೀರು, ಗೊಬ್ಬರದ ಲೆಕ್ಕವನ್ನೂ ಯಾರಾದರೂ ಇಡಬೇಕು.

ಇದಕ್ಕೆ ಉತ್ತರವಾಗಿ ಸಂಶೋಧಕರು ಕಬ್ಬಿನ ಸಿಪ್ಪೆ, ಭತ್ತದ ಹುಲ್ಲು, ಜೋಳದ ದಂಟಿನಂಥ ಕೃಷಿ ಉಳಿಕೆಗಳತ್ತ ತಿರುಗಿದ್ದಾರೆ. ಅವುಗಳ ಗಟ್ಟಿ ನಾರನ್ನು ಸಕ್ಕರೆಯಾಗಿ ಒಡೆಯಲು ಸಾಧ್ಯವಿದೆ, ಆದರೆ ಖರ್ಚು ಹೆಚ್ಚು. ಇನ್ನೊಂದು ದಾರಿ ಬ್ಯಾಕ್ಟೀರಿಯಾಗಳದು. 1926ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಮಾರಿಸ್ ಲೆಮ್ವಾನ್ ಒಂದು ಬ್ಯಾಕ್ಟೀರಿಯಾ ತನ್ನ ದೇಹದೊಳಗೆ ಪಾಲಿಯೆಸ್ಟರ್ ಕಣಗಳನ್ನು ಕೂಡಿಡುವುದನ್ನು ಕಂಡುಹಿಡಿದರು. ಆ ಕುಟುಂಬದ ಪಿಎಚ್‌ಎ ಪ್ಲಾಸ್ಟಿಕ್ಕುಗಳಿಗೆ ಒಂದು ದೊಡ್ಡ ಗುಣವಿದೆ: ಕಾರ್ಖಾನೆಯ ಶಾಖವಿಲ್ಲದೆಯೂ ಮಣ್ಣಿನಲ್ಲಿ, ಸಮುದ್ರದಲ್ಲಿ ಜೀರ್ಣವಾಗಬಲ್ಲವು. ನೂರು ವರ್ಷವಾದರೂ ಬೆಲೆಯ ತೊಡಕು ಬಿಡಲಿಲ್ಲ. ಈ ಕ್ಷೇತ್ರದ ದೊಡ್ಡ ಅಮೆರಿಕನ್ ಕಂಪನಿ ಡ್ಯಾನಿಮರ್ ಸೈಂಟಿಫಿಕ್ 2025ರಲ್ಲಿ ದಿವಾಳಿ ಅರ್ಜಿ ಹಾಕಿತು. ಪೆಟ್ರೋಲಿಯಂ ಪ್ಲಾಸ್ಟಿಕ್ ಮಾಡಿದ ಹಾನಿಯ ಬೆಲೆಯನ್ನು ಅದರ ದರದಲ್ಲಿ ಸೇರಿಸದ ತನಕ ಇಂಥವು ಪೈಪೋಟಿಯಲ್ಲಿ ನಿಲ್ಲುವುದು ಕಷ್ಟ.

58 ಡಿಗ್ರಿಯ ಷರತ್ತು

ಈಗ ಬಿಸಾಡಿದ ಮೇಲೆ ಗತಿ ಏನು ಎಂಬ ಎರಡನೆಯ ಪ್ರಶ್ನೆಗೆ ಬರೋಣ. ‘ಕಾಂಪೋಸ್ಟಬಲ್’ ಎಂಬ ಮುದ್ರೆಯ ಹಿಂದೆ ಒಂದು ಪ್ರಯೋಗಾಲಯ ಪರೀಕ್ಷೆ ಇದೆ. ಭಾರತದ ಐಎಸ್ 17088 ಮಾನದಂಡ ಅಂತರರಾಷ್ಟ್ರೀಯ ಐಎಸ್‌ಒ ಮಾನದಂಡವನ್ನು ಆಧರಿಸಿದ್ದು. ಸುಮಾರು 58 ಡಿಗ್ರಿ ಸೆಲ್ಸಿಯಸ್ ಶಾಖದ, ತೇವ ಮತ್ತು ಗಾಳಿ ಸರಿಯಾಗಿರುವ ಗೊಬ್ಬರದಲ್ಲಿ 180 ದಿನಗಳೊಳಗೆ ವಸ್ತುವಿನ ಇಂಗಾಲದ ಶೇ. 90ರಷ್ಟು ಇಂಗಾಲದ ಡೈಆಕ್ಸೈಡ್ ಆಗಬೇಕು. 12 ವಾರಗಳಲ್ಲಿ ಶೇ. 90ರಷ್ಟು ವಸ್ತು ಎರಡು ಮಿಲಿಮೀಟರ್ ಜರಡಿಯಲ್ಲಿ ಇಳಿಯುವಷ್ಟು ಚೂರಾಗಬೇಕು. ಅಂದರೆ ಪ್ರಮಾಣಪತ್ರ ಹೇಳುವುದು ಒಂದು ನಿರ್ದಿಷ್ಟ ಬಗೆಯ ದೊಡ್ಡ ಗೊಬ್ಬರ ಘಟಕದಲ್ಲಿ ಏನಾಗುತ್ತದೆಂಬುದನ್ನು. ರಸ್ತೆಬದಿ, ಚರಂಡಿ, ಕೆರೆಯಂಗಳದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಪಿಎಲ್‌ಎ ವಿಷಯದಲ್ಲಿ ಶಾಖದ ಷರತ್ತಿಗೆ ಗಟ್ಟಿ ಕಾರಣವಿದೆ. ಸುಮಾರು 55ರಿಂದ 60 ಡಿಗ್ರಿಯ ಹೊತ್ತಿಗೆ ಅದರ ಬಿಗಿಯಾದ ಸರಪಳಿಗಳು ಸಡಿಲವಾಗುತ್ತವೆ. ಆಗ ನೀರು ಒಳನುಗ್ಗಿ ಅವನ್ನು ತುಂಡರಿಸುತ್ತದೆ, ಆ ತುಂಡುಗಳನ್ನು ಸೂಕ್ಷ್ಮಜೀವಿಗಳು ತಿನ್ನುತ್ತವೆ. ಬೆಂಗಳೂರಿನ ಬಾಲ್ಕನಿಯಲ್ಲಿಟ್ಟ ಗೊಬ್ಬರದ ಮಡಕೆ ಅಷ್ಟು ಶಾಖವನ್ನು ವಾರಗಟ್ಟಲೆ ಹಿಡಿದಿಡುವುದಿಲ್ಲ. ಅರಬ್ಬಿ ಸಮುದ್ರದ ನೀರಂತೂ ಎಂದಿಗೂ ಅಷ್ಟು ಬಿಸಿಯಾಗದು. ಅಲ್ಲಿ ಪಿಎಲ್‌ಎ ಲೋಟ ವರ್ಷಗಟ್ಟಲೆ ಲೋಟವಾಗಿಯೇ ಉಳಿಯುತ್ತದೆ.

ಇದು ಊಹೆಯಲ್ಲ. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ಇಮೋಜನ್ ನ್ಯಾಪರ್ ಮತ್ತು ರಿಚರ್ಡ್ ಥಾಮ್ಸನ್ ಬಗೆಬಗೆಯ ಚೀಲಗಳನ್ನು ಮೂರು ವರ್ಷ ಗಾಳಿ, ಮಣ್ಣು ಮತ್ತು ಸಮುದ್ರದಲ್ಲಿಟ್ಟು 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ‘ಜೈವಿಕವಾಗಿ ಕೊಳೆಯುವ’ ಎಂಬ ಮುದ್ರೆಯಿದ್ದ ಚೀಲ ಮೂರು ವರ್ಷ ಮಣ್ಣಿನಲ್ಲಿ, ಸಮುದ್ರದಲ್ಲಿ ಇದ್ದ ಮೇಲೂ ಸಾಮಾನು ಹೊರುವಷ್ಟು ಗಟ್ಟಿಯಾಗಿತ್ತು. ಕಾಂಪೋಸ್ಟಬಲ್ ಚೀಲ ಸಮುದ್ರದಲ್ಲಿ ಮೂರು ತಿಂಗಳಲ್ಲಿ ಕಣ್ಮರೆಯಾಯಿತು, ಆದರೆ ಮಣ್ಣಿನಲ್ಲಿ 27 ತಿಂಗಳ ನಂತರವೂ ಸಿಕ್ಕಿತು. ಲಂಡನ್ ಯೂನಿವರ್ಸಿಟಿ ಕಾಲೇಜು ಸಾವಿರಾರು ನಾಗರಿಕರನ್ನು ಸೇರಿಸಿಕೊಂಡು ನಡೆಸಿದ ಅಧ್ಯಯನ 2022ರಲ್ಲಿ ಹೊರಬಂತು: ಮನೆಯಲ್ಲೇ ಗೊಬ್ಬರವಾಗುತ್ತದೆಂದು ಪ್ರಮಾಣೀಕರಿಸಿದ ಪ್ಲಾಸ್ಟಿಕ್ಕುಗಳಲ್ಲೂ ಶೇ. 60ರಷ್ಟು ಮನೆಯ ಗೊಬ್ಬರಗುಂಡಿಯಲ್ಲಿ ಪೂರ್ತಿ ಕರಗಲಿಲ್ಲ.

ದೊಡ್ಡ ಗೊಬ್ಬರ ಘಟಕಗಳೂ ಇವನ್ನು ಸಂತೋಷದಿಂದ ಬರಮಾಡಿಕೊಳ್ಳುತ್ತಿಲ್ಲ. ಅಮೆರಿಕದ ಆರೆಗನ್ ರಾಜ್ಯದ ಗೊಬ್ಬರ ತಯಾರಕರು 2019ರಲ್ಲಿ ಒಟ್ಟಾಗಿ ಹೇಳಿಕೆ ನೀಡಿ, ಕಾಂಪೋಸ್ಟಬಲ್ ಪ್ಯಾಕಿಂಗ್ ನಮಗೆ ಬೇಡ ಎಂದರು. ಎಲ್ಲವೂ ಸಕಾಲದಲ್ಲಿ ಕೊಳೆಯುವುದಿಲ್ಲ, ಅಸಲಿ–ನಕಲಿ ಗುರುತಿಸಲಾಗದು, ಗೊಬ್ಬರದ ಗುಣ ಕೆಡುತ್ತದೆ ಎಂಬುದು ಅವರ ದೂರು. ಇಂಥ ಪ್ಲಾಸ್ಟಿಕ್ ಪೂರ್ತಿ ಕರಗಿದರೂ ಮಣ್ಣಿಗೆ ಸಾರಜನಕವನ್ನಾಗಲಿ ರಂಜಕವನ್ನಾಗಲಿ ಕೊಡುವುದಿಲ್ಲ; ಹೆಚ್ಚಿನಂಶ ಗಾಳಿಗೆ ಹೋಗುತ್ತದೆ.

ವಿಂಗಡಣೆಯ ಮೇಜಿನ ಮೇಲೆ

ಬೆಂಗಳೂರಿನ ಒಣಕಸ ಸಂಗ್ರಹ ಕೇಂದ್ರವೊಂದರ ವಿಂಗಡಣೆಯನ್ನು ಹತ್ತಿರದಿಂದ ನೋಡಿದರೆ ಕಾಗದದ ಮೇಲಿನ ಪ್ರಮಾಣಪತ್ರಕ್ಕೂ ನೆಲದ ವಾಸ್ತವಕ್ಕೂ ಇರುವ ದೂರ ಕಾಣುತ್ತದೆ. ಕೆಲಸದ ಹೆಣ್ಣುಮಕ್ಕಳು ಕೈಗೆ ಸಿಕ್ಕ ಚೀಲವನ್ನು ಹಿಂಡಿ, ಸದ್ದು ಕೇಳಿ, ಎಳೆದು ಗುರುತು ಹಿಡಿಯುತ್ತಾರೆ. ಸರಸರ ಎಂದರೆ ಅವರ ಮಾತಿನಲ್ಲಿ ‘ಎಚ್‌ಎಂ’ ಪಾಲಿಥೀನ್, ಮೆತ್ತಗೆ ಹಿಗ್ಗಿದರೆ ‘ಎಲ್‌ಡಿ’ ಪಾಲಿಥೀನ್. ಹಾಲಿನ ಕವರ್ ಬೇರೆ ರಾಶಿ, ಪೆಟ್ ಬಾಟಲಿ ಬೇರೆ, ಪಿಪಿ (ಪಾಲಿಪ್ರೊಪಿಲೀನ್) ಬೇರೆ. ಪ್ರತಿ ರಾಶಿಗೂ ದರವಿದೆ, ಕೊಳ್ಳುವವರಿದ್ದಾರೆ. ಕಾಂಪೋಸ್ಟಬಲ್ ಚೀಲ ಎಲ್‌ಡಿಯಂತೆ ಹಿಗ್ಗುತ್ತದೆ, ಪಿಎಲ್‌ಎ ಲೋಟ ಪೆಟ್‌ನಂತೆ ಹೊಳೆಯುತ್ತದೆ. ಗುರುತಿಸಿ ಬೇರೆ ಇಟ್ಟರೂ ಅದಕ್ಕೆ ಗಿರಾಕಿಯಿಲ್ಲ. ಗುರುತಿಸದೆ ಪೆಟ್ ರಾಶಿಗೆ ಸೇರಿಸಿದರೆ ಮುಂದಿನ ಕಾರ್ಖಾನೆಯಲ್ಲಿ ತೊಂದರೆ: ಪೆಟ್ ಚೂರುಗಳನ್ನು ಒಣಗಿಸುವ ಬಿಸಿಯಲ್ಲೇ ಪಿಎಲ್‌ಎ ಮೆತ್ತಗಾಗಿ ಅಂಟಿಕೊಳ್ಳುತ್ತದೆ, ಸ್ವಲ್ಪ ಸೇರಿದರೂ ಮರುಬಳಕೆಯ ಪ್ಲಾಸ್ಟಿಕ್ ಮಸುಕಾಗುತ್ತದೆ. ಕಸ ಆಯ್ದು ಬದುಕುವವರ ದಿನದ ಗಳಿಕೆಗೆ ಬೀಳುವ ಪೆಟ್ಟು ಇದು.

ಹಸಿಕಸದ ಬುಟ್ಟಿಗೆ ಹಾಕಬಹುದಲ್ಲ ಎಂದರೆ ಅಲ್ಲೂ ದಾರಿಯಿಲ್ಲ. ಹೈಕೋರ್ಟ್ ಆದೇಶದ ನಂತರ ನಗರದಲ್ಲಿ ಬಂದ ‘ಎರಡು ಬುಟ್ಟಿ, ಒಂದು ಚೀಲ’ ಪದ್ಧತಿಯಲ್ಲಿ ಹಸಿಕಸವನ್ನು ಯಾವುದೇ ಪ್ಲಾಸ್ಟಿಕ್ ಇಲ್ಲದೆ ಕೊಡಬೇಕು. ಪೌರಕಾರ್ಮಿಕರು ಬೆಳಗಿನ ಗಡಿಬಿಡಿಯಲ್ಲಿ ಚೀಲದ ಮೇಲಿನ ಸಣ್ಣಕ್ಷರ ಓದಿ ತೀರ್ಮಾನಿಸಲು ಸಾಧ್ಯವೇ? ಅವರು ಎಲ್ಲ ಚೀಲಗಳನ್ನೂ ಕಿತ್ತು ಬೇರೆ ಹಾಕುತ್ತಾರೆ. ಹಾಗೆ ಮಾಡುವುದೇ ಸರಿ. ಕೊನೆಗೆ ಕಾಂಪೋಸ್ಟಬಲ್ ಚೀಲ ಸೇರುವುದು ಕಲ್ಲುಕ್ವಾರಿಯ ಕಸದ ರಾಶಿಗೆ ಅಥವಾ ಬೆಂಕಿಗೆ. ಗಾಳಿಯಾಡದ ಆ ರಾಶಿಯಲ್ಲಿ ಪಿಷ್ಟದ ಭಾಗ ಕೊಳೆತರೆ ಬರುವುದು ಮೀಥೇನ್. ಹಿಂದೆ ಬೆಂಗಳೂರಿನ ಕಸ ಸುರಿಯುತ್ತಿದ್ದ ಮಾವಳ್ಳಿಪುರ, ಮಂಡೂರಿನ ಜನರ ನೋವು ಇನ್ನೂ ಆರಿಲ್ಲ.

ಸಸ್ಯಮೂಲ ಎಂದ ಮಾತ್ರಕ್ಕೆ ನಿರಪಾಯವೇ?

ಪಿಷ್ಟವನ್ನೋ ಪಿಎಲ್‌ಎಯನ್ನೋ ಹಾಗೆಯೇ ಚೀಲ ಮಾಡಲಾಗದು. ಮೃದುತ್ವಕ್ಕೆ, ಬಣ್ಣಕ್ಕೆ, ಬಾಳಿಕೆಗೆ ನಾನಾ ರಾಸಾಯನಿಕಗಳನ್ನು ಬೆರೆಸುತ್ತಾರೆ. ಜರ್ಮನಿಯ ಸಂಶೋಧಕಿ ಲೀಸಾ ಜಿಮ್ಮರ್‌ಮನ್ ಮತ್ತು ಸಂಗಡಿಗರು 43 ಬಯೋಪ್ಲಾಸ್ಟಿಕ್ ಮತ್ತು ಸಸ್ಯಮೂಲ ಉತ್ಪನ್ನಗಳನ್ನು ಪರೀಕ್ಷಿಸಿ 2020ರಲ್ಲಿ ವರದಿ ಕೊಟ್ಟರು. ಶೇ. 67ರಷ್ಟು ಉತ್ಪನ್ನಗಳ ಸಾರ ಪ್ರಯೋಗಾಲಯದ ಪರೀಕ್ಷೆಗಳಲ್ಲಿ ವಿಷಪರಿಣಾಮ ತೋರಿತು. ಈ ವಿಷಯದಲ್ಲಿ ಅವು ಮಾಮೂಲಿ ಪ್ಲಾಸ್ಟಿಕ್ಕಿಗಿಂತ ಮೇಲೇನಲ್ಲ.

ಪ್ಲಾಸ್ಟಿಕ್ ಅಲ್ಲದ ಬದಲಿಗಳಿಗೂ ಇದೇ ಎಚ್ಚರ ಸಲ್ಲುತ್ತದೆ. ಕಬ್ಬಿನ ಸಿಪ್ಪೆಯ ತಟ್ಟೆಗಳು ಎಣ್ಣೆ ಹೀರದಿರಲೆಂದು ಹಲವೆಡೆ ಪಿಎಫ್‌ಎಎಸ್ ಬಳಸಿದ್ದು ಪತ್ತೆಯಾಗಿದೆ. ಅವು ನಿಸರ್ಗದಲ್ಲಿ ಒಡೆಯದೆ ಉಳಿಯುವ ರಾಸಾಯನಿಕಗಳು. ಮಲೆನಾಡು, ಕರಾವಳಿಯ ಅಡಿಕೆ ಹಾಳೆಯ ತಟ್ಟೆಗೆ ಯಾವ ರಾಸಾಯನಿಕವೂ ಬೇಡ, ನೀರಲ್ಲಿ ನೆನೆಸಿ ಬಿಸಿ ಅಚ್ಚಿನಲ್ಲಿ ಒತ್ತಿದರೆ ಸಾಕು. ಆದರೂ 2025ರಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ, ಅಡಿಕೆಯ ಆಲ್ಕಲಾಯ್ಡುಗಳು ಆಹಾರಕ್ಕೆ ಇಳಿಯಬಹುದೆಂದು ಅದರ ಆಮದಿಗೆ ತಡೆ ಒಡ್ಡಿತು. ನಮ್ಮ ಸಣ್ಣ ಉದ್ದಿಮೆದಾರರು ಪೆಟ್ಟು ತಿಂದರು. ಇದಕ್ಕೆ ತಕ್ಕ ಉತ್ತರ ಗಟ್ಟಿಯಾದ ವೈಜ್ಞಾನಿಕ ಪರೀಕ್ಷೆ. ಅದನ್ನು ಮಾಡುವ ಸಾಮರ್ಥ್ಯವಿರುವ ಸಿಎಫ್‌ಟಿಆರ್‌ಐನಂಥ ಆಹಾರ ಸಂಶೋಧನಾ ಸಂಸ್ಥೆ ಮೈಸೂರಿನಲ್ಲೇ ಇದೆ.

ಕಾನೂನಿನ ಕಿಂಡಿ

ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಫ್ಲೆಕ್ಸ್‌ಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಏಕಬಳಕೆಯ ಹಲವು ವಸ್ತುಗಳ ಮೇಲೆ ದೇಶವ್ಯಾಪಿ ನಿಷೇಧ ಬಂತು. ಕೈಚೀಲದ ದಪ್ಪ ಕನಿಷ್ಠ 120 ಮೈಕ್ರಾನ್ ಇರಬೇಕೆಂಬ ನಿಯಮ ಅದೇ ವರ್ಷದ ಕೊನೆಗೆ ಜಾರಿಯಾಯಿತು. ಆದರೆ ಕೇಂದ್ರದ ನಿಯಮದಲ್ಲಿ ಕಾಂಪೋಸ್ಟಬಲ್ ಪ್ಲಾಸ್ಟಿಕ್ಕಿಗೆ ಈ ಎರಡರಿಂದಲೂ ವಿನಾಯಿತಿ ಇದೆ. ತಯಾರಕರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಪಡೆದರೆ ಸಾಕು. ಆ ಚೀಲಗಳನ್ನು ಬೇರೆಯಾಗಿ ಸಂಗ್ರಹಿಸಿ 58 ಡಿಗ್ರಿಯ ಘಟಕಕ್ಕೆ ತಲುಪಿಸುವ ಏರ್ಪಾಡು ಊರಲ್ಲಿದೆಯೇ ಎಂದು ಅಂಗಡಿಯಲ್ಲಿ ಮಾರುವ ಮೊದಲು ಯಾರೂ ಕೇಳುವುದಿಲ್ಲ. ಈ ಕಿಂಡಿಯಲ್ಲಿ ನಕಲಿ ಮುದ್ರೆಯ ಚೀಲಗಳೂ ಸಲೀಸಾಗಿ ನುಸುಳುತ್ತವೆ.

ಯುರೋಪ್ ಒಕ್ಕೂಟ ಬೇರೆ ದಾರಿ ಹಿಡಿಯಿತು. 2021ರ ಜುಲೈನಿಂದ ಜಾರಿಯಾದ ಅದರ ನಿಷೇಧದಲ್ಲಿ ಸಸ್ಯಮೂಲದ, ಕೊಳೆಯುವ ಪ್ಲಾಸ್ಟಿಕ್ಕುಗಳೂ ಪ್ಲಾಸ್ಟಿಕ್ಕೇ. ಪಿಎಲ್‌ಎ ತಟ್ಟೆಗೂ ಅಲ್ಲಿ ರಿಯಾಯಿತಿಯಿಲ್ಲ. ಪಾಲಿಥೀನಿಗೆ ಲೋಹದ ಲವಣ ಬೆರೆಸಿ ಚೂರುಚೂರಾಗುವಂತೆ ಮಾಡಿದ ‘ಆಕ್ಸೊ’ ಪ್ಲಾಸ್ಟಿಕ್ಕನ್ನು ಪೂರ್ತಿ ನಿಷೇಧಿಸಿದರು, ಏಕೆಂದರೆ ಅದು ಕೊಳೆಯುವ ಬದಲು ಸೂಕ್ಷ್ಮ ಕಣಗಳಾಗಿ ಹರಡುತ್ತದೆ. ಭಾರತವೂ 2024ರ ತಿದ್ದುಪಡಿಯಲ್ಲಿ, ಜೈವಿಕವಾಗಿ ಕೊಳೆಯುವ ಪ್ಲಾಸ್ಟಿಕ್ ಸೂಕ್ಷ್ಮ ಪ್ಲಾಸ್ಟಿಕ್ ಕಣಗಳನ್ನು ಉಳಿಸಬಾರದೆಂದು ಹೇಳಿದ್ದು ಸ್ವಾಗತಾರ್ಹ.

ಸರಿಯಾದ ಜಾಗ ಯಾವುದು?

ಹಾಗಾದರೆ ಸಸ್ಯಮೂಲ ಪ್ಲಾಸ್ಟಿಕ್ಕನ್ನು ತಿರಸ್ಕರಿಸಬೇಕೇ? ಖಂಡಿತ ಇಲ್ಲ. ಸರಿಯಾದ ಜಾಗದಲ್ಲಿ ಅದಕ್ಕೆ ಸಾಟಿಯಿಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಹಾಕುವ, ದೇಹದೊಳಗೆ ತಾನಾಗಿ ಕರಗುವ ಹೊಲಿಗೆಗಳು ಪಿಎಲ್‌ಎ ಕುಟುಂಬದ ಪಾಲಿಮರುಗಳು. 1970ರ ದಶಕದಿಂದ ಲಕ್ಷಾಂತರ ರೋಗಿಗಳಿಗೆ ನೆರವಾಗಿವೆ.

ಇಟಲಿಯ ಉದಾಹರಣೆಯೂ ಉಪಯುಕ್ತ. ಅಲ್ಲಿ 2011ರಲ್ಲಿ ಮಾಮೂಲಿ ಪ್ಲಾಸ್ಟಿಕ್ ಕೈಚೀಲ ನಿಷೇಧವಾಯಿತು. ಮಿಲಾನ್ ನಗರ 2012ರಿಂದ ಮನೆಮನೆಯ ಅಡುಗೆ ಕಸವನ್ನು ಬೇರೆಯಾಗಿ ಸಂಗ್ರಹಿಸತೊಡಗಿತು. ಕಾಂಪೋಸ್ಟಬಲ್ ಚೀಲಕ್ಕೆ ಅಲ್ಲಿ ಒಂದು ಖಚಿತ ಕೆಲಸವಿದೆ: ಅಡುಗೆ ಕಸವನ್ನು ತುಂಬಿಕೊಂಡು ಅದರೊಡನೆ ಬಯೋಗ್ಯಾಸ್, ಗೊಬ್ಬರದ ಘಟಕ ಸೇರುವುದು. ಮೊದಲು ವ್ಯವಸ್ಥೆ, ಆಮೇಲೆ ಚೀಲ. ನಾವು ಚೀಲ ತಂದಿದ್ದೇವೆ, ವ್ಯವಸ್ಥೆ ತಂದಿಲ್ಲ.

ನಮ್ಮಲ್ಲೇ ಇದಕ್ಕೆ ಹೇಳಿಮಾಡಿಸಿದ ಜಾಗವೊಂದಿದೆ. ಕೋಲಾರ, ಚಿಕ್ಕಬಳ್ಳಾಪುರದ ಟೊಮೆಟೊ, ಕ್ಯಾಪ್ಸಿಕಂ ಹೊಲಗಳಲ್ಲಿ ಏರುಮಡಿಗಳ ಮೇಲೆ ಬೆಳ್ಳಿಬಣ್ಣದ ಮಲ್ಚಿಂಗ್ ಶೀಟ್ ಹಾಸಿರುತ್ತಾರೆ. ಕಳೆ ಬರದು, ತೇವ ಆರದು. ಬೆಳೆ ಮುಗಿಯುವ ಹೊತ್ತಿಗೆ ಬಿಸಿಲಿಗೆ ಸೀದು ಹರಕಾದ ಆ ತೆಳು ಹಾಳೆಯನ್ನು ಎಳೆದರೆ ಕೈಗೆ ಬರುವುದು ತುಂಡು ಮಾತ್ರ. ಉಳಿದದ್ದು ಉಳುಮೆಯಲ್ಲಿ ಮಣ್ಣಿಗೆ ಬೆರೆಯುತ್ತದೆ, ಕೈಗೆ ಬಂದದ್ದು ಬದುವಿನ ಮೇಲೆ ಉರಿಯುತ್ತದೆ. ಮಣ್ಣು ಮೆತ್ತಿದ ಆ ಹಾಳೆಯನ್ನು ಮರುಬಳಕೆಯವರೂ ಕೊಳ್ಳುವುದಿಲ್ಲ. ಸಾಮಾನ್ಯ ಮಣ್ಣಿನ ಶಾಖದಲ್ಲೇ ಎರಡು ವರ್ಷದೊಳಗೆ ಜೀರ್ಣವಾಗುವ ಮಲ್ಚಿಂಗ್ ಹಾಳೆಗೆ ಯುರೋಪ್ 2018ರಲ್ಲಿ ಮಾನದಂಡ ರೂಪಿಸಿದೆ. ನಮ್ಮ ಕೆಂಪು ಮಣ್ಣು, ನಮ್ಮ ಮಳೆಗೆ ತಕ್ಕಂತೆ ಕೃಷಿ ವಿಶ್ವವಿದ್ಯಾಲಯಗಳು ಇದನ್ನು ಪರೀಕ್ಷಿಸಿ, ತೋಟಗಾರಿಕೆ ಇಲಾಖೆ ಸಹಾಯಧನ ಕೊಟ್ಟರೆ ಅದು ನಿಜವಾದ ಉಪಕಾರ. ಹಣ್ಣಿನ ಮೇಲಿನ ಸ್ಟಿಕ್ಕರ್, ಚಹಾ ಚೀಲದಂಥ ಹೇಗೂ ಹಸಿಕಸಕ್ಕೇ ಸೇರುವ ಸಣ್ಣ ವಸ್ತುಗಳೂ ಇದೇ ಸಾಲಿಗೆ ಬರುತ್ತವೆ.

ಉಳಿದೆಡೆ ಮೊದಲ ಆಯ್ಕೆ ಮರುಬಳಸುವ ವಸ್ತುವೇ ಆಗಬೇಕು. ಬೆಂಗಳೂರಿನ ಅದಮ್ಯ ಚೇತನ ಸಂಸ್ಥೆ ಸಮಾರಂಭಗಳಿಗೆ ಸ್ಟೀಲ್ ತಟ್ಟೆ, ಲೋಟ ಎರವಲು ಕೊಡುವ ‘ಪ್ಲೇಟ್ ಬ್ಯಾಂಕ್’ ನಡೆಸುತ್ತಿದೆ. ಸಾವಿರ ಜನರ ಊಟಕ್ಕೆ ಒಂದು ಪ್ಲಾಸ್ಟಿಕ್ ತಟ್ಟೆಯೂ ಬೇಡವೆಂದು ಅದು ತೋರಿಸಿಕೊಟ್ಟಿದೆ. ಪ್ರತಿ ಕಲ್ಯಾಣಮಂಟಪ, ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಇಂಥದ್ದೊಂದು ಇರಬಹುದು.

ಸರ್ಕಾರ ಮಾಡಬೇಕಾದದ್ದು ಸ್ಪಷ್ಟವಾಗಿದೆ. ಸಂಗ್ರಹ ಮತ್ತು ಗೊಬ್ಬರ ಘಟಕದ ಖಾತ್ರಿಯಿಲ್ಲದ ಊರಲ್ಲಿ ಕಾಂಪೋಸ್ಟಬಲ್ ಕೈಚೀಲಕ್ಕೆ ಕೊಟ್ಟ ವಿನಾಯಿತಿಯನ್ನು ಹಿಂಪಡೆಯಬೇಕು. ‘ಪ್ಲಾಸ್ಟಿಕ್ ಅಲ್ಲ’ ಎಂಬ ಬರಹವನ್ನು ನಿಷೇಧಿಸಿ, ಯಾವ ಕಸದ ಬುಟ್ಟಿಗೆ ಹಾಕಬೇಕೆಂದು ಕನ್ನಡದಲ್ಲಿ ದೊಡ್ಡದಾಗಿ ಮುದ್ರಿಸುವುದನ್ನು ಕಡ್ಡಾಯ ಮಾಡಬೇಕು. ಬೆರೆಸಿದ ರಾಸಾಯನಿಕಗಳ ವಿವರ ಬಹಿರಂಗವಾಗಬೇಕು. ಮಲ್ಚಿಂಗ್ ಹಾಳೆ, ವೈದ್ಯಕೀಯ ಬಳಕೆ, ಕೃಷಿ ಉಳಿಕೆಯ ಸಂಶೋಧನೆಗೆ ಹಣ ಹರಿಯಬೇಕು. ಓದುಗರಲ್ಲಿ ಒಂದೇ ವಿನಂತಿ: ಮುಂದಿನ ಸಲ ಅಂಗಡಿಯವರು ಹಸಿರು ಮುದ್ರೆಯ ಚೀಲ ಚಾಚಿದಾಗ, ಬಳಸಿದ ಮೇಲೆ ಇದನ್ನು ಎಲ್ಲಿಗೆ ಕೊಡಬೇಕು ಎಂದು ಕೇಳಿ. ಉತ್ತರ ಸಿಗದಿದ್ದರೆ ಅದನ್ನು ತೆಗೆದುಕೊಳ್ಳಬೇಡಿ, ಮನೆಯಿಂದ ಬಟ್ಟೆಯ ಚೀಲ ಒಯ್ಯಿರಿ.